ತಪ್ಪನ್ನೂ ಬಿಡದೆ ತರ್ಜುಮೆ ಮಾಡಿದವರ ಕಥೆ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆ ತರ್ಜುಮೆ ಹೊಸ ವಿಷಯವೇನಲ್ಲ. ಸುತ್ತೋಲೆ ಬರುವುದು ಮಲಯಾಳದಲ್ಲಿ. ಪಾಠಪುಸ್ತಕ, ಪ್ರಶ್ನೆಪತ್ರಿಕೆಗಳೂ ಹೆಚ್ಚಾಗಿ ಬೇರೆ ಭಾಷೆಯಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೆ ಬರುತ್ತವೆ. ಹಾಗಾಗಿ ತರ್ಜುಮೆಯ ಸುಖದುಃಖ ನಮಗೆ ಚೆನ್ನಾಗಿ ಗೊತ್ತುಂಟು.

ಹಲವು ವರ್ಷಗಳ ಹಿಂದಿನ ಮಾತು. ಒಂದು ಗಣಿತ ಪತ್ರಿಕೆಯ ಮೂಲದಲ್ಲಿ ಒಂದು ಸಂಖ್ಯೆ ತಪ್ಪಾಗಿ ಅಚ್ಚಾಗಿತ್ತು. ಕನ್ನಡಕ್ಕೆ ತಂದವರು ಗಣಿತ ಬಲ್ಲವರು. ತಪ್ಪು ಕಣ್ಣಿಗೆ ಬಿದ್ದದ್ದೇ ತಡ, ಯಾರಿಗೂ ಹೇಳದೆ ಸರಿಮಾಡಿಬಿಟ್ಟರು. ಆದರೆ ಉತ್ತರಸೂಚಿ ಮೂಲ ಪತ್ರಿಕೆಯ ಲೆಕ್ಕದಂತೆಯೇ ಬಂತು. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಬರೆದ ನಮ್ಮ ಮಕ್ಕಳಿಗೆ ಅಂಕ ಇಲ್ಲ! ನಾವು ನಾಲ್ಕೈದು ಮಂದಿ ಎರಡೂ ಪತ್ರಿಕೆಗಳನ್ನು ಹಿಡಿದುಕೊಂಡು ಓಡಾಡಿದ ಮೇಲೆ ಅದು ಸರಿಯಾಯಿತು. ತರ್ಜುಮೆ ಮಾಡಿದವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವರು ಮಾಡಿದ್ದೇನು? ತಪ್ಪನ್ನು ತಿದ್ದಿದ್ದಷ್ಟೇ ಅಲ್ಲವೇ?

ತರ್ಜುಮೆ ಮಾಡುವವನಿಗೆ ಮೂಲದ ತಪ್ಪನ್ನು ತಿದ್ದುವ ಹಕ್ಕು ಉಂಟೇ? ಇದೇ ಪ್ರಶ್ನೆ ಗಣಕಲೋಕದಲ್ಲಿ ಬಹಳ ದೊಡ್ಡದಾಗಿ ಎದ್ದದ್ದುಂಟು. ಅಲ್ಲಿ ಪಣಕ್ಕಿದ್ದುದು ಅಂಕವಲ್ಲ, ಜನರ ಹಣ. ಬಿಟ್‌ಕಾಯಿನ್ ಎಂಬ ಗೂಢಲಿಪಿ ನಾಣ್ಯದ ತಂತ್ರಾಂಶವನ್ನು ಒಂದು ಗಣಕಭಾಷೆಯಿಂದ ಇನ್ನೊಂದಕ್ಕೆ ತಂದವರ ಇತಿಹಾಸ ಅದು. ಈ ನಾಣ್ಯ ಕೊಳ್ಳಿ ಎಂದೋ ಬೇಡ ಎಂದೋ ಹೇಳುವುದು ನಮ್ಮ ಉದ್ದೇಶವಲ್ಲ. ಆ ತರ್ಜುಮೆಗಾರರು ಏನು ಕಲಿತರು ಎಂಬುದಷ್ಟೇ ಇಲ್ಲಿಯ ವಿಷಯ.

ಮೂಲ ಗ್ರಂಥ ಯಾವುದು?

2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 9 ಪುಟಗಳ ಒಂದು ಪ್ರಬಂಧ ಹೊರಬಂತು. ಬ್ಯಾಂಕಿನ ಮಧ್ಯಸ್ಥಿಕೆ ಇಲ್ಲದೆ ಹಣ ಕಳಿಸುವ ಉಪಾಯ ಅದರಲ್ಲಿತ್ತು. ಆ ಹೆಸರಿನ ಹಿಂದೆ ಯಾರಿದ್ದರು ಎಂಬುದು ಈವರೆಗೂ ಗುಟ್ಟು. 2009ರ ಜನವರಿ 3ರ ದಿನಾಂಕ ಹೊತ್ತ ಮೊದಲ ಬ್ಲಾಕ್‌ನಿಂದ ಲೆಕ್ಕ ಆರಂಭವಾಯಿತು. ಅದೇ ತಿಂಗಳು ತಂತ್ರಾಂಶವೂ ಹೊರಬಂತು. ಅದನ್ನು ಬರೆದದ್ದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಯಾರೂ ನಕಲು ಮಾಡಬಹುದು, ತಿದ್ದಬಹುದು, ಬೇರೆ ಭಾಷೆಯಲ್ಲಿ ಬರೆಯಲೂಬಹುದು.

ಇದರ ಕೆಲಸವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಊರಿನ ಸಹಕಾರಿ ಸಂಘದಲ್ಲಿ ಲೆಕ್ಕದ ಪುಸ್ತಕ ಒಂದೇ. ಅದು ಕಾರ್ಯದರ್ಶಿಯ ಕಪಾಟಿನಲ್ಲಿರುತ್ತದೆ. ಬಿಟ್‌ಕಾಯಿನ್‌ನಲ್ಲಿ ಪುಸ್ತಕದ ಪ್ರತಿ ಸಾವಿರಾರು ಗಣಕಗಳಲ್ಲಿ ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ, ಅಂದರೆ ಬ್ಲಾಕ್, ಸೇರುತ್ತದೆ. ಬಂದ ಪುಟ ನಿಯಮದಂತೆ ಉಂಟೋ ಇಲ್ಲವೋ ಎಂದು ಪ್ರತಿಯೊಂದು ಗಣಕವೂ ಸ್ವತಃ ಪರೀಕ್ಷಿಸುತ್ತದೆ. ಎಲ್ಲರ ತೀರ್ಪೂ ಒಂದೇ ಆದರೆ ಪುಸ್ತಕ ಒಂದೇ ಆಗಿ ಉಳಿಯುತ್ತದೆ. ಕೆಲವರು ಸರಿ, ಕೆಲವರು ತಪ್ಪು ಎಂದರೆ ಅಲ್ಲಿಂದ ಮುಂದೆ ಎರಡು ಪುಸ್ತಕ! ಒಂದೇ ಹಣವನ್ನು ಎರಡು ಕಡೆ ಖರ್ಚು ಮಾಡಲು ಮೋಸಗಾರನಿಗೆ ಅಷ್ಟು ಸಾಕು.

ಹಾಗಾದರೆ ಆ ನಿಯಮಗಳು ಎಲ್ಲಿ ಬರೆದಿವೆ? 9 ಪುಟಗಳಲ್ಲಿ ಎಂದುಕೊಂಡರೆ ತಪ್ಪು. ಒಟ್ಟು ನಾಣ್ಯ 2 ಕೋಟಿ 10 ಲಕ್ಷಕ್ಕೆ ಮೀರುವುದಿಲ್ಲ ಎಂಬ ಪ್ರಸಿದ್ಧ ಸಂಖ್ಯೆ ಕೂಡ ಪ್ರಬಂಧದಲ್ಲಿಲ್ಲ. ಅದು ಇರುವುದು ತಂತ್ರಾಂಶದಲ್ಲಿ. ಅಂದರೆ ಆ ಸಿ ಪ್ಲಸ್ ಪ್ಲಸ್ ತಂತ್ರಾಂಶವೇ ಕಾನೂನು ಪುಸ್ತಕ. ಅದರಲ್ಲಿ ಬರೆದವನಿಗೇ ಗೊತ್ತಿಲ್ಲದ ತಪ್ಪಿದ್ದರೆ ಆ ತಪ್ಪೂ ಕಾನೂನೇ!

ಇದು ಸತೋಶಿಗೆ ಗೊತ್ತಿತ್ತು ಎನ್ನಬೇಕು. 2010ರ ಜೂನ್‌ನಲ್ಲಿ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು: ಇದೇ ಜಾಲದಲ್ಲಿ ಓಡುವ ಎರಡನೆಯ ತಂತ್ರಾಂಶವೊಂದನ್ನು ಬರೆಯುವುದು ಒಳ್ಳೆಯದಲ್ಲ, ಎರಡೂ ಎಲ್ಲ ಗಣಕಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಡೆಯಬೇಕಾಗುವುದರಿಂದ ಅದು ಜಾಲಕ್ಕೇ ಅಪಾಯ ಎಂಬುದು ಅದರ ಸಾರ.

ಎರಡು ತಿಂಗಳಲ್ಲಿ ಮೂಲವೇ ಎಡವಿತು. 2010ರ ಆಗಸ್ಟ್ 15ರಂದು 74638ನೆಯ ಬ್ಲಾಕ್‌ನಲ್ಲಿ ಯಾರೋ ಒಬ್ಬರು ತಲಾ 9,223 ಕೋಟಿಯ ಹಾಗೆ ಎರಡು ಮೊತ್ತ, ಒಟ್ಟು ಸುಮಾರು 18,446 ಕೋಟಿ ನಾಣ್ಯಗಳನ್ನು ಸೃಷ್ಟಿಸಿದರು. ಎರಡು ದೊಡ್ಡ ಸಂಖ್ಯೆಗಳನ್ನು ಕೂಡಿಸಿದಾಗ ಮೊತ್ತ ಗಣಕದ ಮನೆಗಳಲ್ಲಿ ಹಿಡಿಯದೆ ತುಂಬಿ ಹರಿದು, ಋಣ ಸಂಖ್ಯೆಯಾಗಿ ಕಂಡು, ಪರೀಕ್ಷೆಯಲ್ಲಿ ಪಾಸಾಗಿಬಿಟ್ಟಿತ್ತು. ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಬಂತು. ಎಲ್ಲರೂ ಅದನ್ನೇ ಹಾಕಿಕೊಂಡರು. ಕೆಟ್ಟ ಪುಟ ರದ್ದಾಯಿತು. ಎಲ್ಲರ ಹತ್ತಿರವೂ ಒಂದೇ ತಂತ್ರಾಂಶ ಇದ್ದದ್ದರಿಂದ ತಿದ್ದುವುದು ಸುಲಭವಾಯಿತು ಎನ್ನಬಹುದು. ಒಂದೇ ತಂತ್ರಾಂಶ ಇದ್ದದ್ದರಿಂದಲೇ ತಪ್ಪನ್ನು ಹಿಡಿಯುವ ಎರಡನೆಯ ಕಣ್ಣು ಇರಲಿಲ್ಲ ಎಂದೂ ಹೇಳಬಹುದು. ಎರಡೂ ನಿಜ.

ಜಾವಾಕ್ಕೆ ಬಂದ ಕಥೆ

2011ರ ಮಾರ್ಚ್ 7ರಂದು ಮೈಕ್ ಹರ್ನ್ ಎಂಬವರು ಬಿಟ್‌ಕಾಯಿನ್‌ಜೆ ಎಂಬ ಲೈಬ್ರರಿಯನ್ನು ಪ್ರಕಟಿಸಿದರು. ಅವರು ಆಗ ಗೂಗಲ್‌ನಲ್ಲಿ ಇಂಜಿನಿಯರ್. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಕೋಣೆಯಲ್ಲ. ಬೇರೆ ತಂತ್ರಾಂಶಗಳು ಎತ್ತಿ ಬಳಸಿಕೊಳ್ಳಬಹುದಾದ ಸಿದ್ಧ ಕೋಡ್‌ನ ಕಟ್ಟು. ಭಾಷೆ ಜಾವಾ, ಪರವಾನಗಿ ಅಪಾಚೆ. ಇದೂ ಮುಕ್ತ ತಂತ್ರಾಂಶವೇ.

ಸತೋಶಿಯ ಎಚ್ಚರಿಕೆ ಇದ್ದೂ ಈ ಕೆಲಸ ಏಕೆ ಬೇಕಾಯಿತು? ಆಂಡ್ರಾಯ್ಡ್ ಫೋನುಗಳು ಹರಡುತ್ತಿದ್ದ ಕಾಲ ಅದು, ಅವುಗಳ ಆಪ್‌ಗಳನ್ನು ಬರೆಯುತ್ತಿದ್ದುದು ಜಾವಾದಲ್ಲಿ. ಮೂಲ ತಂತ್ರಾಂಶವೋ ಇಡೀ ಲೆಕ್ಕದ ಪುಸ್ತಕವನ್ನು ಇಳಿಸಿಕೊಳ್ಳುವಂಥದ್ದು. ಅದು ಫೋನಿಗೆ ಹೊರಲಾಗದ ಹೊರೆ. ಹರ್ನ್ ಸತೋಶಿಯ ಪ್ರಬಂಧದ 8ನೆಯ ವಿಭಾಗದಲ್ಲಿದ್ದ ಒಂದು ಉಪಾಯವನ್ನು ಹಿಡಿದರು. ಪ್ರತಿ ಬ್ಲಾಕ್‌ನ ತಲೆಬರಹ ಬರೀ 80 ಬೈಟ್. ಅಷ್ಟನ್ನು ಮಾತ್ರ ಇಳಿಸಿಕೊಂಡು, ತನಗೆ ಸಂಬಂಧಪಟ್ಟ ಹಣ ಬಂದಿದೆಯೇ ಎಂದು ನೋಡಿಕೊಂಡರೆ ಸಾಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಪೂರ್ಣ ತರ್ಜುಮೆಯಲ್ಲ, ಸಂಗ್ರಹಾನುವಾದ. ಇದನ್ನು ಬಳಸಿ ಆಂಡ್ರಾಯ್ಡ್ ಫೋನಿಗೂ ಮನೆಯ ಗಣಕಕ್ಕೂ ಹಗುರವಾದ ವಾಲೆಟ್‌ಗಳು ಬಂದವು.

ಆಮೇಲೆ ತರ್ಜುಮೆಗಳ ಸಾಲೇ ಶುರುವಾಯಿತು. 2011ರಲ್ಲೇ ಸ್ಟೀಫನ್ ಥಾಮಸ್ ಜಾವಾಸ್ಕ್ರಿಪ್ಟ್‌ನಲ್ಲಿ ಬಿಟ್‌ಕಾಯಿನ್‌ಜೆಎಸ್ ಬರೆದರು (ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ ಎಂಬುದು ನೆನಪಿರಲಿ). 2013ರಲ್ಲಿ ಗೋ ಭಾಷೆಯಲ್ಲಿ ಬಿಟಿಸಿಡಿ ಬಂತು. ಸಿ ಶಾರ್ಪ್ ಭಾಷೆಗೆ ನಿಕೊಲಾ ಡೊರಿಯೆ ಎನ್‌ಬಿಟ್‌ಕಾಯಿನ್ ತಂದರು.

ವ್ಯಾಕರಣದ ತೊಡಕು

ಕನ್ನಡದಲ್ಲಿರುವ ‘ನಾವು’ ಇಂಗ್ಲಿಷಿಗೆ ಸುಲಭವಾಗಿ ಹೋಗುತ್ತದೆ. ಮಲಯಾಳಕ್ಕೆ ಹೋಗುವಾಗ ಎದುರಿನವನನ್ನು ಸೇರಿಸಿದ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ. ಮೂಲದಲ್ಲಿ ಇಲ್ಲದ ಪ್ರಶ್ನೆಗೆ ತರ್ಜುಮೆಗಾರ ಉತ್ತರ ಹುಡುಕಬೇಕು. ಗಣಕಭಾಷೆಗಳಲ್ಲಿಯೂ ಹೀಗೆಯೇ.

ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಬೈಟ್ ಅನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಇಟ್ಟುಕೊಳ್ಳಬಹುದು. ಜಾವಾದಲ್ಲಿ ಬೈಟ್ ಎಂದರೆ -128ರಿಂದ 127. ಹಾಗಾಗಿ ಮೂಲದ 200 ಜಾವಾದಲ್ಲಿ -56 ಆಗಿ ಕಾಣುತ್ತದೆ. ಪ್ರತಿ ಸಲವೂ ನೆನಪಿಟ್ಟು ಸರಿಪಡಿಸಿಕೊಳ್ಳದಿದ್ದರೆ ಲೆಕ್ಕ ಹಾಳು.

ಎರಡನೆಯದು ಬರೆಯುವ ದಿಕ್ಕು. ನಾವು 1234 ಎಂದು ಸಾವಿರದ ಸ್ಥಾನದಿಂದ ಬರೆಯುತ್ತೇವೆ. ಬಿಟ್‌ಕಾಯಿನ್‌ನ ಸಂದೇಶಗಳಲ್ಲಿ ಹೆಚ್ಚಿನ ಸಂಖ್ಯೆಗಳು ತಲೆಕೆಳಗು. ಕಿರಿಯ ಬೈಟ್ ಮೊದಲು, ಹಿರಿಯದು ಕೊನೆಗೆ. ಜಾವಾ ತಾನಾಗಿ ಓದುವುದು ಹಿರಿಯದರಿಂದ. ಎಲ್ಲವನ್ನೂ ತಿರುಗಿಸಿದರೆ ಆಯಿತಲ್ಲ ಎನ್ನಬೇಡಿ. ಗಣಕದ ವಿಳಾಸದ ಜೊತೆ ಬರುವ ಪೋರ್ಟ್ ಸಂಖ್ಯೆ ಮಾತ್ರ ನೆಟ್ಟಗೆ! ಎಲ್ಲಿ ನೇರ, ಎಲ್ಲಿ ತಿರುವು ಎಂಬುದನ್ನು ಮೂಲ ಕೋಡ್‌ನ ಸಾಲುಸಾಲು ನೋಡಿಯೇ ತಿಳಿಯಬೇಕು.

ಮೂರನೆಯದು ಎಲ್ಲಕ್ಕಿಂತ ಕಪಟಿ. ಈ ನಾಣ್ಯದ ಗುಪ್ತ ಕೀಲಿ 32 ಬೈಟ್‌ಗಳ ಒಂದು ದೈತ್ಯ ಸಂಖ್ಯೆ. ಜಾವಾದಲ್ಲಿ ದೈತ್ಯ ಸಂಖ್ಯೆಗಳಿಗೆಂದೇ ಒಂದು ಸೌಲಭ್ಯ ಉಂಟು. ಅದು ಸಂಖ್ಯೆಯನ್ನು ಬೈಟ್‌ಗಳಾಗಿ ಕೊಡುವಾಗ ಧನ, ಋಣ ಚಿಹ್ನೆಗಾಗಿ ಸುಮಾರು ಅರ್ಧದಷ್ಟು ಸಲ ಮುಂದೆ ಒಂದು ಸೊನ್ನೆ ಸೇರಿಸಿ 33 ಬೈಟ್ ಮಾಡುತ್ತದೆ. ಸುಮಾರು 512ಕ್ಕೊಮ್ಮೆ ಮುಂದಿನ ಸೊನ್ನೆಯನ್ನು ಕಿತ್ತುಹಾಕಿ 31 ಮಾಡುತ್ತದೆ. ಗಣಿತದಲ್ಲಿ 07 ಎಂದರೂ 7 ಎಂದರೂ ಒಂದೇ. ಆದರೆ ಪೋಸ್ಟಾಫೀಸಿನ ಫಾರ್ಮಿನಲ್ಲಿ ಮನೆಗಳನ್ನು ಎಣಿಸಿ ತುಂಬಿಸಿದ ಹಾಗೆ, ಇಲ್ಲಿ ಒಂದು ಬೈಟ್ ಆಚೀಚೆ ಆದರೆ ವಿಳಾಸವೇ ಬೇರೆ. ಮೊದಲನೆಯ ತಪ್ಪು ಕೂಡಲೇ ಗೊತ್ತಾಗುತ್ತದೆ. ಎರಡನೆಯದು ಇಪ್ಪತ್ತು ಸಲ ಪರೀಕ್ಷಿಸಿದರೂ ಸಾಮಾನ್ಯವಾಗಿ ಸಿಗದು. ಯಾವಾಗಲೋ ಒಂದು ದಿನ ಯಾರದೋ ಹಣ ಯಾರ ಕೈಗೂ ಸಿಗದ ವಿಳಾಸಕ್ಕೆ ಹೋಗಬಹುದು. ಬಿಟ್‌ಕಾಯಿನ್‌ಜೆಯಲ್ಲಿ ಇದಕ್ಕೆಂದೇ ಉದ್ದವನ್ನು ಸರಿಮಾಡುವ ಒಂದು ಚಿಕ್ಕ ಉಪಕರಣ ಬರೆದಿಟ್ಟಿದ್ದಾರೆ.

ತಪ್ಪಿಗೂ ನಿಷ್ಠೆ

ಇದೆಲ್ಲ ತರ್ಜುಮೆಗಾರನ ಕಡೆಯ ತೊಡಕು. ಇನ್ನು ಮೂಲದ ತಪ್ಪುಗಳಿಗೆ ಬರೋಣ.

ನಾವು ಮಕ್ಕಳಿಗೆ ಕೇಳುವ ಹಳೆಯ ಲೆಕ್ಕ: ಒಂದು ಸಾಲಿನಲ್ಲಿ 10 ಅಡಿಕೆ ಸಸಿ ನೆಟ್ಟರೆ ನಡುವೆ ಎಷ್ಟು ಅಂತರ? ಹತ್ತು ಎನ್ನುವ ಮಕ್ಕಳೇ ಹೆಚ್ಚು. ಉತ್ತರ ಒಂಬತ್ತು. ಬಿಟ್‌ಕಾಯಿನ್‌ನಲ್ಲಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು 14 ದಿನಕ್ಕೊಮ್ಮೆ, ಹೊಸ ಬ್ಲಾಕ್ ಮಾಡುವ ಕಷ್ಟದ ಮಟ್ಟ ಪರಿಷ್ಕರಣೆಯಾಗುತ್ತದೆ. ತಂತ್ರಾಂಶ ಮೊದಲ ಬ್ಲಾಕ್‌ನಿಂದ ಕೊನೆಯ ಬ್ಲಾಕ್‌ವರೆಗಿನ ಸಮಯ ಅಳೆಯುತ್ತದೆ. ಅದರಲ್ಲಿರುವುದು 2015 ಅಂತರ. ಹೋಲಿಸುವುದು ಮಾತ್ರ 2016 ಅಂತರಗಳ 14 ದಿನಕ್ಕೆ! ಸತೋಶಿಯಂಥವರೂ ಅಡಿಕೆ ಸಸಿ ಲೆಕ್ಕದಲ್ಲಿ ಎಡವಿದರು. ವ್ಯತ್ಯಾಸ ಶೇಕಡಾ 0.05ರಷ್ಟು. ಜಾವಾದಲ್ಲಿ ಬರೆಯುವವನು ಇದನ್ನು ತಿದ್ದಿದರೆ ಅವನ ತಂತ್ರಾಂಶ ಮುಂದಿನ ಪರಿಷ್ಕರಣೆಯಲ್ಲೇ ಜಗತ್ತಿನಿಂದ ಬೇರೆಯಾಗುತ್ತದೆ. ಹಾಗಾಗಿ ಎಲ್ಲ ಭಾಷೆಗಳ ತರ್ಜುಮೆಗಳಲ್ಲೂ ಈ ತಪ್ಪು ಹಾಗೆಯೇ ಉಂಟು.

ಇನ್ನೊಂದು, ಹಲವರು ಸೇರಿ ಸಹಿ ಮಾಡುವ ಜಂಟಿ ಖಾತೆಯಂಥ ವ್ಯವಸ್ಥೆಯದ್ದು. ಸಹಿಗಳನ್ನು ಒಂದೊಂದಾಗಿ ಎತ್ತಿ ನೋಡುವಾಗ ಮೂಲ ಕೋಡ್ ಲೆಕ್ಕ ತಪ್ಪಿ ಒಂದನ್ನು ಹೆಚ್ಚು ಎತ್ತುತ್ತದೆ. ಅದಕ್ಕಾಗಿ ಪ್ರತಿಯೊಬ್ಬರೂ ಏನೂ ಅರ್ಥವಿಲ್ಲದ ಒಂದು ತುಣುಕನ್ನು ಮೊದಲೇ ಇಟ್ಟಿರಬೇಕು. ಊರಿನ ಊಟದ ಪಂಕ್ತಿಯಲ್ಲಿ ಯಾರೂ ಕೂರದ ಒಂದು ಎಲೆ ಹಾಕಿದ ಹಾಗೆ. 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮ ಈ ತಪ್ಪನ್ನು ತೆಗೆಯಲಿಲ್ಲ. ಆ ಎಲೆ ಖಾಲಿಯಾಗಿಯೇ ಇರತಕ್ಕದ್ದು ಎಂದು ವಿಧಿಸಿತು, ಅಷ್ಟೆ.

ಮೂರನೆಯದು ಇನ್ನೂ ವಿಚಿತ್ರ. ಒಂದು ಬಗೆಯ ಸಹಿಯನ್ನು ಪರೀಕ್ಷಿಸುವಾಗ ಬೇಕಾದ ಸಾಲು ಇಲ್ಲದಿದ್ದರೆ, ಏನೋ ತಪ್ಪಾಗಿದೆ ಎಂದು ಸೂಚಿಸಲು ಮೂಲ ಕೋಡ್ 1 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತಿತ್ತು. ಆದರೆ ಕರೆದ ಭಾಗ ಅದನ್ನು ತಪ್ಪಿನ ಸೂಚನೆ ಎಂದು ತಿಳಿಯದೆ, ಸಹಿ ಮಾಡಬೇಕಾದ ವಿಷಯವೇ 1 ಎಂದು ತಿಳಿದು ಮುಂದುವರಿಯುತ್ತಿತ್ತು. ತರ್ಜುಮೆಗಾರರು ಈ ಅಪಾರ್ಥವನ್ನೂ ಅಕ್ಷರಶಃ ಬರೆದುಕೊಳ್ಳಬೇಕಾಯಿತು.

ಸರಿಯಾದದ್ದು ಸೋಲೊಪ್ಪಿಕೊಂಡ ರಾತ್ರಿ

ಇಷ್ಟು ನಿಷ್ಠೆ ಬೇಕೇ ಎಂದು ಸಂಶಯವಿದ್ದವರಿಗೆ 2013ರ ಮಾರ್ಚ್ 11-12 ಉತ್ತರ ಕೊಟ್ಟಿತು. ಅಂದು ಭಾಷೆಯೇನೂ ಬದಲಾಗಿರಲಿಲ್ಲ. ಮೂಲ ತಂತ್ರಾಂಶದ 0.7 ಮತ್ತು 0.8 ಎಂಬ ಎರಡು ಆವೃತ್ತಿಗಳ ನಡುವೆ ಒಳಗಿನ ದತ್ತಾಂಶ ಭಂಡಾರ ಮಾತ್ರ ಬದಲಾಗಿತ್ತು. ಬರ್ಕ್ಲಿಡಿಬಿ ಹೋಗಿ ಲೆವೆಲ್‌ಡಿಬಿ ಬಂದಿತ್ತು. ಹಳೆಯದರಲ್ಲಿ ಒಮ್ಮೆಗೆ ಇಷ್ಟೇ ದಾಖಲೆಗಳಿಗೆ ಬೀಗ ಹಾಕಬಹುದು ಎಂಬ ಮಿತಿ ಇತ್ತು. ಅದು ಬಿಟ್‌ಕಾಯಿನ್‌ನ ನಿಯಮ ಎಂದು ಯಾರೂ ಬರೆದಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. 225430ನೆಯ ಬ್ಲಾಕ್ ತುಸು ದೊಡ್ಡದಾಗಿ ಬಂತು. 0.8 ಸರಿ ಎಂದಿತು. 0.7 ಬೀಗಗಳು ಮುಗಿದು ಬೇಡ ಎಂದಿತು. ಪುಸ್ತಕ ಎರಡಾಯಿತು!

ಯಾರು ಸರಿ? ತರ್ಕದಿಂದ ನೋಡಿದರೆ ಹೊಸದು. ಆದರೂ ಆ ರಾತ್ರಿ ಡೆವಲಪರ್‌ಗಳು ಮಾತಾಡಿಕೊಂಡು, ಎಲ್ಲರೂ ಹಳೆಯ 0.7ರ ಕಡೆಗೇ ಬನ್ನಿ ಎಂದು ಕರೆಕೊಟ್ಟರು. ಹೊಸದನ್ನು ಒಲ್ಲೆವೆಂದ ಹಳೆಯ ಗಣಕಗಳು ತಾವಾಗಿ ಈಚೆ ಬರಲಾರವು. ಹೊಸದಕ್ಕೆ ಹಳೆಯ ಕಡೆಯೂ ಒಪ್ಪಿಗೆಯೇ. ದೊಡ್ಡ ಮೈನರ್‌ಗಳು ತಮ್ಮ ಬ್ಲಾಕ್‌ಗಳ ಗಳಿಕೆಯನ್ನು ಬಿಟ್ಟುಕೊಟ್ಟು ಹಿಂದೆ ಬಂದರು. ಸುಮಾರು 6 ಗಂಟೆಯಲ್ಲಿ ಪುಸ್ತಕ ಮತ್ತೆ ಒಂದಾಯಿತು. 24 ಬ್ಲಾಕ್ ರದ್ದಾದವು. ಆಮೇಲೆ 2013ರ ಮೇ 15ರ ದಿನವನ್ನು ಎಲ್ಲರಿಗೂ ಸಾರಿ, ಅಂದಿನಿಂದ ಹಳೆಯ ಮಿತಿ ಇಲ್ಲ ಎಂದು ಮಾಡಿದರು. ಅಂದರೆ ತಪ್ಪನ್ನು ತಿದ್ದಿದರು. ಕದ್ದುಮುಚ್ಚಿ ಅಲ್ಲ, ದಿನ ಗೊತ್ತುಮಾಡಿ, ಎಲ್ಲರೂ ಒಟ್ಟಿಗೆ.

ಸಹಿಯ ವಿಷಯದಲ್ಲೂ ಹೀಗೆಯೇ ಆಯಿತು. ಮೂಲ ತಂತ್ರಾಂಶ ಸಹಿಯ ಪರೀಕ್ಷೆಗೆ ಓಪನ್‌ಎಸ್‌ಎಸ್‌ಎಲ್ ಎಂಬ ಬೇರೊಂದು ಮುಕ್ತ ಲೈಬ್ರರಿಯನ್ನು ನಂಬಿತ್ತು. ಅದು ಸಹಿಯ ಬರವಣಿಗೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಒಪ್ಪುತ್ತಿತ್ತು. ಬೇರೆ ಭಾಷೆಯವರು ಆ ಉದಾರತನವನ್ನೂ ಅನುಕರಿಸಬೇಕಾಗಿತ್ತು. 2015ರ ಜುಲೈನಲ್ಲಿ ಜಾರಿಗೆ ಬಂದ ನಿಯಮ ಸಹಿ ಹೀಗೆಯೇ ಇರಬೇಕು ಎಂದು ಕಟ್ಟುನಿಟ್ಟು ಮಾಡಿತು. ಆಮೇಲೆ ಪೀಟರ್ ವುಲೆ ಒಂದು ಗುಟ್ಟು ಬಿಟ್ಟುಕೊಟ್ಟರು: ಅದೇ ಓಪನ್‌ಎಸ್‌ಎಸ್‌ಎಲ್ ಕೆಲವು ವಿಚಿತ್ರ ಸಹಿಗಳಿಗೆ ವಿಂಡೋಸ್‌ನಲ್ಲಿ ಒಂದು ತೀರ್ಪು, 64 ಬಿಟ್‌ನ ಲಿನಕ್ಸ್‌ನಲ್ಲಿ ಇನ್ನೊಂದು ತೀರ್ಪು ಕೊಡುತ್ತಿತ್ತಂತೆ! ಭಾಷೆ ಒಂದೇ, ಕೋಡ್ ಒಂದೇ, ಓದುವ ಯಂತ್ರ ಬೇರೆಯಾದರೆ ಅರ್ಥ ಬೇರೆ.

ತರ್ಜುಮೆಯೇ ಪರೀಕ್ಷಕ

ಇನ್ನು ನಮಗೆ ತುಂಬ ಹಿಡಿಸಿದ ಭಾಗ. 2012ರ ಹೊತ್ತಿಗೆ ಮ್ಯಾಟ್ ಕೊರಾಲೊ ಎಂಬ ಯುವಕ ಬಿಟ್‌ಕಾಯಿನ್‌ಜೆಗೆ ಎಲ್ಲ ನಿಯಮಗಳನ್ನೂ ಪರೀಕ್ಷಿಸುವ ಶಕ್ತಿ ಸೇರಿಸಿದರು. ಸಂಗ್ರಹಾನುವಾದ ಈಗ ಪೂರ್ಣಾನುವಾದದ ಕಡೆ ಬಂತು. ಅದಕ್ಕಾಗಿ ಅವರು ಜಾವಾದಲ್ಲಿ ಬೇಕೆಂದೇ ಒಳ್ಳೆಯ, ಕೆಟ್ಟ, ಅಂಚಿನ ಮೇಲಿರುವ ಬ್ಲಾಕ್‌ಗಳ ಸರಣಿಯೊಂದನ್ನು ತಯಾರಿಸಿ, ಅದನ್ನು ಜಾವಾ ತಂತ್ರಾಂಶಕ್ಕೂ ಮೂಲಕ್ಕೂ ಕೊಟ್ಟು ಉತ್ತರ ಹೋಲಿಸುವ ವ್ಯವಸ್ಥೆ ಮಾಡಿದರು. ಮೂಲ ತಂತ್ರಾಂಶದವರು ಇದನ್ನು ತಮ್ಮ ಪರೀಕ್ಷೆಗೇ ಇಟ್ಟುಕೊಂಡರು! ಸಿ ಪ್ಲಸ್ ಪ್ಲಸ್‌ನಲ್ಲಿ ಯಾರು ಏನು ಬದಲಾವಣೆ ತಂದರೂ ಜಾವಾ ಎಂಬ ಪರೀಕ್ಷಕನ ಮುಂದೆ ಪಾಸಾಗಬೇಕು. ಮುಂದೆ ಅದೇ ಸರಣಿಯನ್ನು ಪೈಥಾನ್‌ಗೆ ತರ್ಜುಮೆ ಮಾಡಿ ಮೂಲದ ಮನೆಯಲ್ಲೇ ಇರಿಸಿಕೊಂಡರು. ತವರು ಬಿಟ್ಟು ಹೋದ ಭಾಷಾಂತರ ತವರಿಗೇ ಪಾಠ ಹೇಳಿತು.

ಮೂಲದವರು ತಮ್ಮ ಉತ್ತರಸೂಚಿಯನ್ನೂ ಹಂಚಿಕೊಂಡರು. ಯಾವ ವ್ಯವಹಾರ ಸರಿ, ಯಾವುದು ತಪ್ಪು ಎಂಬ ನೂರಾರು ಉದಾಹರಣೆಗಳನ್ನು ಯಾವ ಗಣಕಭಾಷೆಗೂ ಸೇರದ ಸಾದಾ ಕಡತಗಳಲ್ಲಿ ಇಟ್ಟರು. ಜಾವಾ, ಗೋ, ಜಾವಾಸ್ಕ್ರಿಪ್ಟ್ ತರ್ಜುಮೆಗಳೆಲ್ಲ ಅದನ್ನೇ ಎತ್ತಿಕೊಂಡು ಪರೀಕ್ಷಿಸಿಕೊಳ್ಳತೊಡಗಿದವು. ಪ್ರಶ್ನೆಪತ್ರಿಕೆ ಎಷ್ಟು ಭಾಷೆಯಲ್ಲಿದ್ದರೂ ಉತ್ತರಸೂಚಿ ಒಂದೇ, ಅದೂ ಎಲ್ಲರ ಕಣ್ಣೆದುರು. ನಮ್ಮ ಗಣಿತ ಪತ್ರಿಕೆಗೂ ಹೀಗೊಂದು ವ್ಯವಸ್ಥೆ ಇದ್ದಿದ್ದರೆ ಅನಿಸದೆ ಇರುತ್ತದೆಯೇ?

ಪೀಟರ್ ವುಲೆಯವರ ಇನ್ನೊಂದು ಕೆಲಸವನ್ನೂ ಹೇಳಬೇಕು. 2013ರಲ್ಲಿ ಅವರು ಸಹಿಯ ಗಣಿತಕ್ಕಾಗಿಯೇ ಒಂದು ಹೊಸ ಲೈಬ್ರರಿಯನ್ನು ಸಿ ಭಾಷೆಯಲ್ಲಿ ಬರೆಯತೊಡಗಿದರು. ಅದನ್ನು ಪರೀಕ್ಷಿಸುವ ಕೆಲಸದಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲೇ ಒಂದು ದೋಷ ಬಯಲಾಯಿತು. ದೈತ್ಯ ಸಂಖ್ಯೆಗಳ ವರ್ಗ ಮಾಡುವಾಗ ತೀರಾ ಅಪರೂಪಕ್ಕೆ ಉತ್ತರ ತಪ್ಪುತ್ತಿತ್ತು. ಅಂತರ್ಜಾಲದ ಅರ್ಧ ಜಗತ್ತು ನಂಬಿದ್ದ ಲೈಬ್ರರಿ ಅದು! ವುಲೆ 2014ರ ನವೆಂಬರ್ 2ರಂದು ಅದನ್ನು ಮೂಲದವರಿಗೆ ತಿಳಿಸಿದರು, ತಿದ್ದುವ ದಾರಿಯನ್ನೂ ಸೂಚಿಸಿದರು. 2015ರ ಜನವರಿಯಲ್ಲಿ ಅದು ಎಲ್ಲರಿಗಾಗಿ ಸರಿಯಾಯಿತು. 2016ರ ಫೆಬ್ರವರಿಯಲ್ಲಿ ಬಂದ ಬಿಟ್‌ಕಾಯಿನ್ ಕೋರ್ 0.12ರಲ್ಲಿ ಸಹಿಯ ಪರೀಕ್ಷೆ ವುಲೆಯವರ ಲೈಬ್ರರಿಗೆ ಹೋಯಿತು.

ಕಳೆದುಕೊಂಡವರು

ಎಲ್ಲವೂ ಒಳ್ಳೆಯದಾಗಿಯೇ ಮುಗಿಯಿತು ಎಂದರೆ ಸುಳ್ಳಾಗುತ್ತದೆ.

ಪ್ರತಿ ಸಹಿಗೂ ಚೀಟಿ ಎತ್ತಿದಂತೆ ಒಂದು ಹೊಸ ಗುಟ್ಟಿನ ಸಂಖ್ಯೆ ಬೇಕು. ಒಂದು ಸಹಿ ಎಂದರೆ ಎರಡು ಅಜ್ಞಾತಗಳಿರುವ ಒಂದು ಸಮೀಕರಣ, ಬಿಡಿಸಲಾಗದು. ಅದೇ ಗುಟ್ಟಿನ ಸಂಖ್ಯೆಯಿಂದ ಅದೇ ಕೀಲಿಯ ಎರಡನೆಯ ಸಹಿ ಬಂದರೆ ಎರಡು ಅಜ್ಞಾತ, ಎರಡು ಸಮೀಕರಣ. ಹೈಸ್ಕೂಲಿನ ಬೀಜಗಣಿತ ಸಾಕು, ಗುಪ್ತ ಕೀಲಿ ಹೊರಗೆ! 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಚೀಟಿ ಎತ್ತುವ ಯಂತ್ರವೇ ಕೆಟ್ಟಿದೆ ಎಂದು ಬೆಳಕಿಗೆ ಬಂತು. ಬಿಟ್‌ಕಾಯಿನ್‌ಜೆ ಬಳಸಿದ್ದ ವಾಲೆಟ್ ಸೇರಿ ಹಲವು ಆಂಡ್ರಾಯ್ಡ್ ವಾಲೆಟ್‌ಗಳಿಗೆ ಪೆಟ್ಟು ಬಿತ್ತು. ಕೆಲವರ ಹಣ ಕಳುವಾಯಿತು. ತರ್ಜುಮೆಯಲ್ಲಿ ತಪ್ಪಿರಲಿಲ್ಲ, ನಿಂತ ನೆಲವೇ ಕುಸಿದಿತ್ತು.

ಜಾವಾಸ್ಕ್ರಿಪ್ಟ್‌ನ ಕಥೆ ಇನ್ನೂ ಉದ್ದ. ಆ ಭಾಷೆಯ ಸಂಖ್ಯೆಗಳು ಸುಮಾರು 90 ಕೋಟಿ ಕೋಟಿಯವರೆಗೆ ಮಾತ್ರ ನಿಖರ. ಇಡೀ ಬಿಟ್‌ಕಾಯಿನ್‌ನ ಅತಿ ಚಿಕ್ಕ ತುಣುಕುಗಳ ಒಟ್ಟು ಲೆಕ್ಕ 21 ಕೋಟಿ ಕೋಟಿ, ಹಣ ಹಿಡಿಸುತ್ತದೆ. ಆದರೆ 78 ಅಂಕಿಗಳ ಗುಪ್ತ ಕೀಲಿ ಹಿಡಿಸದು. ಅದಕ್ಕಾಗಿ ಬಿಟ್‌ಕಾಯಿನ್‌ಜೆಎಸ್‌ನಲ್ಲಿ ಜೆಎಸ್‌ಬಿಎನ್ ಎಂಬ ಹಳೆಯ ಲೈಬ್ರರಿಯನ್ನು ಎರವಲು ತಂದರು. ಅದರ ಜೊತೆಗೆ ಬಂದ ಚೀಟಿ ಎತ್ತುವ ಭಾಗ ನೆಟ್‌ಸ್ಕೇಪ್ ಕಾಲದ ಬ್ರೌಸರ್ ಇದ್ದರೆ ಮಾತ್ರ ಒಳ್ಳೆಯ ಯಂತ್ರವನ್ನು ಕೇಳುತ್ತಿತ್ತು. ಇಲ್ಲದಿದ್ದರೆ ಊಹಿಸಬಹುದಾದ ಸಾದಾ ಸಂಖ್ಯೆಗಳಿಗೆ ಜಾರುತ್ತಿತ್ತು. 2014ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಅದಕ್ಕೆ ಮೊದಲು ಮಾಡಿದ ವಾಲೆಟ್‌ಗಳು ಹಾಗೆಯೇ ಉಳಿದವು. 2023ರ ನವೆಂಬರ್‌ನಲ್ಲಿ ಅನ್‌ಸೈಫರ್ಡ್ ಎಂಬ ಸಂಸ್ಥೆ ಈ ಅಪಾಯವನ್ನು ರ‍್ಯಾಂಡ್‌ಸ್ಟಾರ್ಮ್ ಎಂಬ ಹೆಸರಿನಲ್ಲಿ ಸಾರಿತು. ಹತ್ತು ವರ್ಷಗಳ ಹಿಂದಿನ ಎರವಲಿನ ಸಾಲ ಈಗ ತೀರಿಸುವ ಹಾಗಾಯಿತು.

ಗೋ ಭಾಷೆಯದ್ದು 2022ರಲ್ಲಿ. ಹಿಂದೆ ಒಂದು ಕಡೆ 10,000 ಬೈಟ್‌ಗಳ ಮಿತಿ ಇತ್ತು. 2021ರ ನವೆಂಬರ್‌ನಲ್ಲಿ ಜಾರಿಗೆ ಬಂದ ಟ್ಯಾಪ್‌ರೂಟ್ ಎಂಬ ಸುಧಾರಣೆ ಅದನ್ನು ತೆಗೆಯಿತು. ಬಿಟಿಸಿಡಿಯಲ್ಲಿ ನಿಯಮದ ಭಾಗ ತಿದ್ದಿದ್ದರು, ಸಂದೇಶ ಓದುವ ಭಾಗದಲ್ಲಿ 11,000ದ ಒಂದು ಹಳೆಯ ಮಿತಿ ಮರೆತುಹೋಗಿತ್ತು. 2022ರ ಅಕ್ಟೋಬರ್ 9ರಂದು ಒಬ್ಬರು 999ರಲ್ಲಿ 998 ಸಹಿಗಳ ವ್ಯವಹಾರ ಕಳಿಸಿದರು. ಮೂಲ ಒಪ್ಪಿತು, ಬಿಟಿಸಿಡಿಯೂ ಅದರ ಕೋಡ್ ಬಳಸುತ್ತಿದ್ದ ಎಲ್‌ಎನ್‌ಡಿಯೂ ಅಲ್ಲೇ ನಿಂತವು. ಗಂಟೆಗಳಲ್ಲಿ ತಿದ್ದಿದರು. ನವೆಂಬರ್ 1ರಂದು ಅಂಥದ್ದೇ ಇನ್ನೊಂದು ಮರೆತ ಮಿತಿ ಸಿಕ್ಕಿ ಮತ್ತೆ ನಿಂತವು. ಮೂಲ ಪರಿಷ್ಕರಣೆಯಾದಾಗ ತರ್ಜುಮೆಯ ಒಂದು ಪುಟ ಮಾತ್ರ ತಿದ್ದಿದರೆ ಸಾಲದು ಎಂಬುದು ಪಾಠಪುಸ್ತಕ ಬದಲಾದ ವರ್ಷಗಳಲ್ಲಿ ನಮಗೂ ಅನುಭವಕ್ಕೆ ಬಂದದ್ದೇ.

ಮೈಕ್ ಹರ್ನ್ 2016ರ ಜನವರಿಯಲ್ಲಿ ಬಿಟ್‌ಕಾಯಿನ್ ಪ್ರಯೋಗ ಸೋತಿತು ಎಂದು ಹೇಳಿ, ತಮ್ಮ ನಾಣ್ಯಗಳನ್ನು ಮಾರಿ ಹೊರಟುಹೋದರು. ಅವರು ಬರೆದ ಲೈಬ್ರರಿಯನ್ನು ಬೇರೆಯವರು ಮುಂದುವರಿಸಿದರು. ಮುಕ್ತ ತಂತ್ರಾಂಶದ ಗುಣ ಅದು. ಬರೆದವನು ಎದ್ದುಹೋದರೂ ಕೆಲಸ ಕೈಯಿಂದ ಕೈಗೆ ಹೋಗುತ್ತದೆ.

ಮೊದಲಿನ ಪ್ರಶ್ನೆಗೆ ಬರೋಣ. ತರ್ಜುಮೆಗಾರನಿಗೆ ತಪ್ಪು ತಿದ್ದುವ ಹಕ್ಕು ಉಂಟೇ? ಕಥೆ, ಕವಿತೆಯಲ್ಲಿ ಏನೋ ಹೇಳಲಾರೆವು. ಆದರೆ ಸಾವಿರಾರು ಜನ ಒಂದೇ ಅಳತೆಗೋಲಿಗೆ ನಿಲ್ಲಬೇಕಾದ ಕಡೆ, ಒಬ್ಬನೇ ಗುಟ್ಟಾಗಿ ತಿದ್ದಿದರೆ ಪೆಟ್ಟು ತಿನ್ನುವುದು ಅವನನ್ನು ನಂಬಿದವರು. ತಪ್ಪನ್ನು ಕಂಡೂ ಸುಮ್ಮನಿರಬೇಕೆಂದಲ್ಲ. ಇದ್ದದ್ದನ್ನು ಇದ್ದ ಹಾಗೆ ತಂದು, ಪಕ್ಕದಲ್ಲಿ ಗುರುತು ಹಾಕಿ, ಮೂಲದವರಿಗೆ ಬರೆಯಬೇಕು. ತಿದ್ದಿದರೆ ಎಲ್ಲ ಭಾಷೆಯಲ್ಲೂ ಒಂದೇ ದಿನ ತಿದ್ದಬೇಕು. ವುಲೆ ಮಾಡಿದ್ದೂ, 2013ರ ಮೇ 15ಕ್ಕೆ ಎಲ್ಲರೂ ಸೇರಿ ಮಾಡಿದ್ದೂ ಇಷ್ಟೇ.

ಆ ಗಣಿತ ಪತ್ರಿಕೆಯ ಗಲಾಟೆಯ ನಂತರ ನಮ್ಮಲ್ಲೂ ಒಂದು ರೂಢಿ ಬಂತು. ಕನ್ನಡ ಪತ್ರಿಕೆಯನ್ನು ಮೂಲದ ಪಕ್ಕದಲ್ಲಿಟ್ಟು ಇಬ್ಬರು ಕುಳಿತು ಓದುತ್ತೇವೆ. ಒಬ್ಬರು ಮಲಯಾಳ ಓದಿದರೆ ಇನ್ನೊಬ್ಬರು ಕನ್ನಡದಲ್ಲಿ ಬೆರಳಿಟ್ಟು ನೋಡುತ್ತಾರೆ. ಮೂಲದಲ್ಲೇ ತಪ್ಪು ಕಂಡರೆ ತಿದ್ದುವುದಿಲ್ಲ, ಅಂದೇ ಬರೆದು ಕಳಿಸುತ್ತೇವೆ. ಉತ್ತರ ಬರುವುದು ಕೆಲವೊಮ್ಮೆ ತಡವಾಗುತ್ತದೆ. ಆದರೂ ಆಮೇಲೆ ತಿದ್ದುಪಡಿ ಬಂದಾಗ ಅದು ನಮ್ಮ ಮಕ್ಕಳಿಗೆ ಮಾತ್ರವಲ್ಲ, ಮಲಯಾಳ ಮಾಧ್ಯಮದ ಮಕ್ಕಳಿಗೂ ಸಿಗುತ್ತದೆ.